ಹೊಸ ಶೆಡ್ಡಿನ ಫೋಟೊ

ಫೆಬ್ರವರಿ 3

ಅಳತೆರಾಯನಿಗೆ,

ಬಿಸ್ಕತ್ತಿಗೂ ಸ್ಕೇಲಿಟ್ಟು ಪಾಲು ಮಾಡುತ್ತಿದ್ದವನಿಗೆ ಬೇರೆ ಹೆಸರು ನನಗೆ ಹೊಳೆಯುವುದಿಲ್ಲ. ಫೋನ್ ಮಾಡದೆ ಕಾಗದ ಬರೆದಳಲ್ಲ ಅಂತ ಗಾಬರಿಯಾಗಬೇಡ. ಹೊಲಿಗೆ ಮಷೀನುಗಳ ನಡುವೆ ಜೀವಮಾನ ಕೂತವಳ ಕಿವಿ ಇನ್ನೆಷ್ಟು ಉಳಿದೀತು? ಫೋನಿನಲ್ಲಿ ನಿನ್ನ ಅರ್ಧ ಮಾತು ನನಗೆ ಕೇಳಿಸುವುದಿಲ್ಲ, ಉಳಿದರ್ಧವನ್ನು ನೀನು ಹೇಳುವುದಿಲ್ಲ. ಕಾಗದದಲ್ಲಾದರೆ ‘ಹೂಂ, ಹೂಂ’ ಅಂತ ತಪ್ಪಿಸಿಕೊಳ್ಳುವ ಹಾಗಿಲ್ಲ.

ವಿಷಯಕ್ಕೆ ಬರುತ್ತೇನೆ. ನಾನು ಆ ವಿಮಾನ ಕಂಪನಿಯ ಷೇರು ತೆಗೆದುಕೊಂಡಾಗ ನೀನು ನಕ್ಕಿದ್ದೆ. ಶಾಲೆ ಮಕ್ಕಳ ಚಡ್ಡಿ ಹೊಲಿಯುವವಳಿಗೆ ವಿಮಾನ ಯಾಕೆ ಅಂದಿದ್ದೆ. ಈಗ ಅದು ಮೂರು ಪಟ್ಟಾಗಿದೆ. ಹತ್ತು ವರ್ಷಕ್ಕಾಗುವಷ್ಟು ಆರ್ಡರು ಅವರ ಕೈಲಿದೆ ಅಂತ ಪೇಪರಿನಲ್ಲಿ ಬಂದಿದೆ. ವಿಮಾನ ಬೇಕು ಅನ್ನುವವರು ದುಡ್ಡು ಹಿಡಿದು ನಿಂತಿದ್ದಾರೆ, ಕಟ್ಟುವುದಕ್ಕೆ ಬಿಡಿಭಾಗ ಸಾಲುತ್ತಿಲ್ಲವಂತೆ. ಅದನ್ನು ಓದಿದಾಗ ನನಗೆ ತಟ್ಟನೆ, ಅವರಿಗೆ ಬಿಡಿಭಾಗ ಮಾಡಿಕೊಡುವ ನೀನು ನೆನಪಾದೆ. ಇಡೀ ಊರಿನ ಶಾಲೆಗಳ ಯೂನಿಫಾರಂ ನನಗೇ ಸಿಕ್ಕರೂ, ಗುಂಡಿ ಮಾರುವವನು ಅಂಗಡಿ ಮುಚ್ಚಿದರೆ ನಾನು ಕೈಕಟ್ಟಿ ಕೂರಬೇಕು. ಆ ಗುಂಡಿ ಅಂಗಡಿಯವನು ಈಗ ನೀನು.

ಅದಕ್ಕೆ ನಿನ್ನ ಕಾರ್ಖಾನೆಗೆ ದುಡ್ಡು ಹಾಕಬೇಕೆಂದಿದ್ದೇನೆ. ಹೊಸ ಶೆಡ್ಡು ಕಟ್ಟಿಸು, ಇನ್ನೊಂದು ಮಷೀನು ತರಿಸು. ಸಾಲ ಅಲ್ಲ, ಪಾಲು. ಗಾಳಿ ಬಂದಾಗ ತೂರಿಕೊಳ್ಳಬೇಕು. ದುಡ್ಡು ನನ್ನದೇ, ಯಾರ ಹಂಗೂ ಇಲ್ಲ. ಬೇಡ ಅಂದೆಯೋ, ನಾನೇ ಬಂದು ನಿನ್ನ ಹೆಂಡತಿಯ ಕೈಗೆ ಕೊಟ್ಟು ಹೋಗುತ್ತೇನೆ. ಅವಳಿಗೆ ನಿನಗಿಂತ ಬುದ್ಧಿ ಇದೆ.

ನಿನ್ನ ಅಕ್ಕ


ಫೆಬ್ರವರಿ 19

ಅಕ್ಕ,

ನಿನ್ನ ಕಾಗದವನ್ನು ಇಬ್ಬರೂ ಓದಿದೆವು. ಕೊನೆಯ ಸಾಲನ್ನು ಇವಳು ಎರಡು ಸಲ ಗಟ್ಟಿಯಾಗಿ ಓದಿದಳು.

ದುಡ್ಡು ಹಾಕುವ ಮೊದಲು ನಮ್ಮ ಕಸುಬಿನ ಒಂದು ಕಟ್ಟುಪಾಡು ನಿನಗೆ ಗೊತ್ತಿರಲಿ. ನಾವು ಮಾಡುವುದು ವಿಮಾನದ ಸರಕು ಬಾಗಿಲಿನ ಕೀಲಿನೊಳಗೆ ಕೂರುವ ಬುಷ್. ಹೆಬ್ಬೆರಳಿನಷ್ಟು ದಪ್ಪದ ಉಕ್ಕಿನ ಬಳೆ, ಅಷ್ಟೆ. ಆದರೆ ಅದನ್ನು ಯಾವ ಮಷೀನಿನಲ್ಲಿ ಮಾಡುತ್ತೇವೆ, ಆ ಮಷೀನು ಎಲ್ಲಿ ನಿಂತಿದೆ, ಯಾವ ಹತಾರ, ಯಾವುದು ಮೊದಲು ಯಾವುದು ಆಮೇಲೆ, ಎಲ್ಲವನ್ನೂ ಕಂಪನಿಯವರು ಒಮ್ಮೆ ಬಂದು ನೋಡಿ ಒಪ್ಪಿಗೆ ಕೊಡುತ್ತಾರೆ. ಒಪ್ಪಿದ ಮೇಲೆ ಮುಟ್ಟುವ ಹಾಗಿಲ್ಲ. ಮಷೀನನ್ನು ಈ ಗೋಡೆಯಿಂದ ಆ ಗೋಡೆಗೆ ಸರಿಸಿದರೂ ಒಪ್ಪಿಗೆ ಬಿದ್ದುಹೋಗುತ್ತದೆ. ಮತ್ತೆ ಮಾದರಿ ತುಂಡು ಮಾಡಬೇಕು, ಅದನ್ನು ಕೊಯ್ದು ಒಳಗೆಲ್ಲ ಪರೀಕ್ಷೆ ಮಾಡುತ್ತಾರೆ, ತಿಂಗಳುಗಟ್ಟಲೆ ಕಾಯಬೇಕು. ಒಪ್ಪಿಗೆಯಿಲ್ಲದೆ ಮಾಡಿದ್ದು ಎಷ್ಟೇ ಚೆನ್ನಾಗಿದ್ದರೂ ಗುಜರಿಗೆ. ನಮ್ಮನೆ ಮಂಚ ಸರಿಸುವುದಕ್ಕೂ ಅವರನ್ನು ಕೇಳಬೇಕೇನೋ ಅಂತ ಇವಳು ಹಾಸ್ಯ ಮಾಡುತ್ತಾಳೆ. ತಪಾಸಣೆ ಇವಳದೇ. ಪ್ರತಿ ಬುಷ್ಷನ್ನೂ ಅಳೆದು, ಸರಿ ಇದ್ದರೆ ಅದರ ಕಾಗದಕ್ಕೆ ತನ್ನ ಮುದ್ರೆ ಒತ್ತುತ್ತಾಳೆ. ಆ ಮುದ್ರೆಯಲ್ಲಿ ಕಂಪನಿ ಇವಳಿಗೆ ಕೊಟ್ಟ ಸಂಖ್ಯೆ ಇದೆ. ನನ್ನ ಸಹಿಗಿಂತ ಅದಕ್ಕೇ ಬೆಲೆ ಜಾಸ್ತಿ.

ಹೋದ ವಾರ ಕಂಪನಿಯ ಖರೀದಿ ಸಾಹೇಬರು ಬಂದಿದ್ದರು. ನಮ್ಮ ತಗಡಿನ ಚಾವಣಿ ನೋಡಿ, ಇಷ್ಟರಲ್ಲೇ ಎಷ್ಟು ದಿನ ಇರ್ತೀರಿ ಅಂದರು. ಮುಂದಿನ ವರ್ಷ ಎರಡು ಪಟ್ಟು ಬೇಕಂತೆ. ಹಾಗಾಗಿ ನಿನ್ನ ದುಡ್ಡು ಬೇಡ ಅನ್ನುವಷ್ಟು ಧೈರ್ಯ ನನಗಿಲ್ಲ. ಹಳೆ ಮಷೀನು ಹಳೆ ಶೆಡ್ಡಿನಲ್ಲೇ ಇರುತ್ತದೆ. ಹೊಸದನ್ನು ಹೊಸ ಶೆಡ್ಡಿನಲ್ಲಿ ಕೂರಿಸಿ ಅದಕ್ಕೆ ಬೇರೆ ಒಪ್ಪಿಗೆ ತೆಗೆದುಕೊಳ್ಳುತ್ತೇನೆ. ಮಷೀನು ಮಾಡುವವರ ಬಾಗಿಲಲ್ಲೂ ಈಗ ಜನ ಸಾಲುಗಟ್ಟಿದ್ದಾರೆ, ನೋಡೋಣ.

ಒಂದು ಮಾತು. ನಿನ್ನದೇ ದುಡ್ಡು ಅಂತ ಬರೆದೆಯಲ್ಲ, ಅದಕ್ಕೇ ಒಪ್ಪಿದ್ದೇನೆ. ಬೇರೆಯವರದಾಗಿದ್ದರೆ ಮುಟ್ಟುತ್ತಿರಲಿಲ್ಲ.

ನಿನ್ನ ತಮ್ಮ


ಮೇ 11

ಅಳತೆರಾಯನಿಗೆ,

ಶೆಡ್ಡಿನ ನೆಲ ಒಣಗಿತು, ಗೋಡೆಗೆ ಬಣ್ಣವಾಯಿತು ಅಂತ ಎರಡು ಸಾಲು ಗೀಚಿ ಸುಮ್ಮನಾದೆ. ಮಷೀನಿನ ಸುದ್ದಿಯೇ ಇಲ್ಲ. ಬಂದಿರಬೇಕು, ಕೂರಿಸುವ ಗಡಿಬಿಡಿಯಲ್ಲಿ ಬರೆಯಲು ಮರೆತಿರಬೇಕು. ಸಂತೋಷದ ಸುದ್ದಿಯನ್ನು ಕೊನೆಗೆ ಹೇಳುವುದು ನಿನ್ನ ಹಳೆಯ ಚಾಳಿ.

ನನಗೊಂದು ಫೋಟೊ ಬೇಕು. ಖಾಲಿ ಶೆಡ್ಡಿನದಲ್ಲ, ಆ ಹಳೆ ತಗಡಿನ ಗೂಡಿನದಂತೂ ಬೇಡವೇ ಬೇಡ. ಹೊಸ ಶೆಡ್ಡಿನಲ್ಲಿ ಮಷೀನು ನಿಂತಿರಬೇಕು, ಪಕ್ಕದಲ್ಲಿ ನೀವಿಬ್ಬರೂ ಇರಬೇಕು. ಎಂಜಿನ್ ಎಣ್ಣೆ ಮೆತ್ತಿದ ಅಂಗಿ ಬೇಡ, ಒಗೆದದ್ದು ಹಾಕಿಕೋ. ಯಾಕೆ ಅಂತ ಕೇಳಬೇಡ. ಅಕ್ಕನಿಗೆ ಆಸೆ ಅಂದುಕೋ.

ಇಲ್ಲಿ ಎಲ್ಲರೂ ನಿನ್ನನ್ನೇ ಕೇಳುತ್ತಾರೆ. ಗುಂಡಿಯ ತೂತಿಗೆ ಕಾಜಾ ಹಾಕುವವಳು ಒಬ್ಬಳಿದ್ದಾಳಲ್ಲ, ನಾನು ಅಂಗಡಿ ತೆರೆದ ದಿನದಿಂದ ನನ್ನ ಜೊತೆ ಇರುವವಳು. ಮಂಡಿ ಊದಿಕೊಂಡು ಕೂತರೆ ಏಳಲಾರಳು, ಎದ್ದರೆ ಕೂರಲಾರಳು. ಅಂಥವಳೂ ಬೆಳಿಗ್ಗೆ ಬಂದ ಕೂಡಲೇ, ತಮ್ಮನೋರ ಕಾರ್ಖಾನೆ ಎಲ್ಲಿಗೆ ಬಂತು ಅಂತ ಕೇಳುತ್ತಾಳೆ. ಇಸ್ತ್ರಿಯವನೂ ಕೇಳುತ್ತಾನೆ. ಜನರಿಗೆ ನಿನ್ನ ಮೇಲೆ ಎಷ್ಟು ಅಕ್ಕರೆ ನೋಡು.

ಈ ತಿಂಗಳೊಳಗೆ ಫೋಟೊ ಬರಬೇಕು. ಬರಲಿಲ್ಲವೋ, ನಾನು ಇನ್ನೊಂದು ಕಾಗದ ಬರೆಯುತ್ತೇನೆ. ಅದು ಇಷ್ಟು ಮೆತ್ತಗಿರುವುದಿಲ್ಲ.

ನಿನ್ನ ಅಕ್ಕ


ಜೂನ್ 2

ಅಕ್ಕ,

ಫೋಟೊ ಇದರೊಳಗಿದೆ. ಹೊಸ ಶೆಡ್ಡಿನ ಬೆಳಕಿನಲ್ಲಿ ಮಷೀನು ಚೆನ್ನಾಗಿ ಬಂದಿದೆ. ನೆಲಕ್ಕೆ ಬೂದು ಬಣ್ಣ ಬಳಿಸಿದ್ದೇವೆ, ನುಣುಪು ಎಷ್ಟಿದೆ ಅಂದರೆ ಬೆಕ್ಕು ಜಾರಿ ಬಿದ್ದಿತು. ಅಂಗಿ ಒಗೆದದ್ದೇ. ಇಸ್ತ್ರಿ ಇಲ್ಲ, ನಿನ್ನ ಇಸ್ತ್ರಿಯವನಿಗೆ ತೋರಿಸಬೇಡ.

ಕೆಲಸ ಮೈಮೇಲೆ ಬಿದ್ದಿದೆ. ಫೋಟೊ ತೆಗೆದ ದಿನವೇ ಸಾಹೇಬರ ಕಡೆಯಿಂದ ಹೊಸ ಆರ್ಡರು ಬಂತು, ಈ ತಿಂಗಳಿಂದಲೇ ಒಂದೂವರೆ ಪಟ್ಟು ಬೇಕಂತೆ. ಇಲ್ಲ ಅನ್ನುವ ಕಾಲವಲ್ಲ ಇದು. ಹಾಗಾಗಿ ಹೆಚ್ಚು ಬರೆಯಲಾಗುತ್ತಿಲ್ಲ.

ಇವಳು ಸ್ವಲ್ಪ ದಣಿದಿದ್ದಾಳೆ. ನಿನ್ನನ್ನು ಕೇಳಿದಳು ಅಂತ ಬರೆಯಬೇಕು. ಕೇಳಿಲ್ಲ, ಆದರೆ ನೆನಪಿಸಿದರೆ ಕೇಳುತ್ತಾಳೆ.

ನಿನ್ನ ತಮ್ಮ


ಜೂನ್ 14

ಅಳತೆರಾಯನಿಗೆ,

ಫೋಟೊಗೆ ಕಟ್ಟು ಹಾಕಿಸಿ ಕತ್ತರಿ ಮೇಜಿನ ಮೇಲಿನ ಗೋಡೆಗೆ ತೂಗಿದ್ದೇನೆ. ಬಂದ ಗಿರಾಕಿಗಳಿಗೆಲ್ಲ ಮೊದಲು ಅದನ್ನು ತೋರಿಸಿ ಆಮೇಲೆ ಅಳತೆ ಪಟ್ಟಿ ತೆಗೆಯುತ್ತೇನೆ. ಕಾಜಾದವಳು ಕನ್ನಡಕ ಹಾಕಿಕೊಂಡು, ಕುರ್ಚಿ ಎಳೆದುಕೊಂಡು, ಕೂತು ನೋಡಿದಳು. ಅವಳ ಕಣ್ಣಲ್ಲಿ ನೀರು ಬಂತು. ನನಗೂ ಎದೆ ತುಂಬಿತು, ಸುಳ್ಳು ಹೇಳುವುದಿಲ್ಲ.

ಎರಡು ತಕರಾರಿದೆ. ಮಷೀನಿನ ಪಕ್ಕೆಯಲ್ಲಿ ಉದ್ದಕ್ಕೆ ಒಂದು ಗೀರು ಕಾಣುತ್ತದೆ. ಅಷ್ಟು ದುಡ್ಡು ಸುರಿದ ಹೊಸ ಮಾಲನ್ನು ಇಳಿಸಿಕೊಳ್ಳುವಾಗ ನೋಡಿಕೊಳ್ಳಬಾರದೇ? ಮಾರಿದವನ ಹತ್ತಿರ ಜಗಳ ಮಾಡಿ ಏನಾದರೂ ಕಡಿಮೆ ಮಾಡಿಸು. ಎರಡನೆಯದು ನಿನ್ನ ಹೆಂಡತಿ. ನನ್ನೆದುರು ಪಟಪಟ ಅನ್ನುವವಳು ಕ್ಯಾಮರಾ ಕಂಡು ನೆಲ ನೋಡುತ್ತಿದ್ದಾಳಲ್ಲ! ಇಷ್ಟು ನಾಚಿಕೆ ಇವಳಿಗೆ ಯಾವಾಗ ಬಂತು? ಮುಂದಿನ ಫೋಟೊದಲ್ಲಿ ನಗಬೇಕು ಅಂತ ಹೇಳು, ಅತ್ತಿಗೆಯ ಆಜ್ಞೆ.

ನಿನ್ನ ಅಕ್ಕ


ಆಗಸ್ಟ್ 20

ತಮ್ಮನಿಗೆ,

ಜುಲೈಯಲ್ಲಿ ಬರೆದದ್ದಕ್ಕೆ ಉತ್ತರವಿಲ್ಲ. ಈ ತಿಂಗಳ ಮೊದಲಲ್ಲಿ ಬರೆದದ್ದಕ್ಕೂ ಇಲ್ಲ. ದೊಡ್ಡ ಮನುಷ್ಯನಾದೆ ಅಂತ ತಿಳಿಯಬೇಕೋ, ಕೈಗೆ ಏನಾದರೂ ಪೆಟ್ಟಾಯಿತು ಅಂತ ತಿಳಿಯಬೇಕೋ?

ಷೇರು ಮತ್ತೆ ಏರಿದೆ. ಪೇಪರಿನವರು, ಇನ್ನು ಮುಂದೆ ಬಿಡಿಭಾಗದವರದೇ ಕಾಲ ಅಂತ ಬರೆದಿದ್ದಾರೆ. ಓದಿ ಹೇಳಿದಾಗ ಅಂಗಡಿಯಲ್ಲಿ ಎಲ್ಲರೂ ನನ್ನ ಮುಖ ನೋಡಿದರು. ಲಾಭದ ಪಾಲು ವರ್ಷದ ಕೊನೆಗೆ ಅಂತ ನೀನು ಅಂದಿದ್ದೆ. ಅವಸರವಿಲ್ಲ. ಆದರೂ ಹೆಚ್ಚುಕಡಿಮೆ ಯಾವಾಗ ಅಂತ ಒಂದು ಮಾತು ಬರೆದರೆ ನನಗೆ ಅನುಕೂಲ.

ಜಗಳ ಆಡಿದ್ದೀರಾ ಇಬ್ಬರೂ? ಅದಾದರೂ ಬರೆ. ನಾನು ಅವಳ ಪಕ್ಷ.

ನಿನ್ನ ಅಕ್ಕ


ಸೆಪ್ಟೆಂಬರ್ 5

ಅಕ್ಕ,

ಇದನ್ನು ಒಬ್ಬಳೇ ಕೂತು ಓದು.

ಫೋಟೊದಲ್ಲಿ ಇರುವುದು ಹಳೆಯ ಮಷೀನು. ಆ ಗೀರು ನೀನೇ ಇಲ್ಲಿಗೆ ಬಂದಾಗ ನಿನ್ನ ಟ್ರಂಕು ತಗುಲಿಸಿ ಮಾಡಿದ್ದು.

ಹೊಸ ಮಷೀನು ಇನ್ನೂ ಬಂದಿಲ್ಲ. ಮುಂಗಡ ಕೊಟ್ಟಾಗಿದೆ, ಮುಂದಿನ ತಿಂಗಳು, ಅದರ ಮುಂದಿನ ತಿಂಗಳು ಅನ್ನುತ್ತಿದ್ದಾರೆ. ನಿನ್ನ ಮೇ ತಿಂಗಳ ಕಾಗದ ಬಂದಾಗ, ನಿನ್ನ ದುಡ್ಡಿನಲ್ಲಿ ಕಟ್ಟಿದ ಶೆಡ್ಡು ಖಾಲಿ ಬಿದ್ದಿದೆ ಅಂತ ಬರೆಯಲು ನಾಚಿಕೆಯಾಯಿತು. ಕ್ರೇನಿನವನನ್ನು ಕರೆಸಿ ಹಳೆ ಮಷೀನನ್ನು ಅಲ್ಲಿಗೆ ತಂದಿಟ್ಟು, ಫೋಟೊ ತೆಗೆಸಿ, ಭಾನುವಾರ ವಾಪಸು ಇಡೋಣ ಅಂದುಕೊಂಡೆ. ಬೇಡ ಅಂತ ಇವಳು ನೂರು ಸಲ ಹೇಳಿದಳು. ಓಡಿಸುವುದಿಲ್ಲ, ಬರೀ ಫೋಟೊಗೆ ಅಂದೆ. ಅವಳು ನೆಲ ನೋಡುತ್ತಿರುವುದು ನಾಚಿಕೆಯಿಂದಲ್ಲ.

ಅವತ್ತು ಸಂಜೆಯೇ ಆರ್ಡರು ಬಂತು. ತುರ್ತು, ತಡವಾದರೆ ಬೇರೆಯವರಿಗೆ ಕೊಡುತ್ತೇವೆ ಅಂದರು. ಕ್ರೇನಿನವನು ಭಾನುವಾರ ಬರಲಿಲ್ಲ. ಇಲ್ಲಿ ಎಲ್ಲಿ ನೋಡಿದರೂ ಹೊಸ ಕಾರ್ಖಾನೆ, ಅವನಿಗೆ ಪುರಸೊತ್ತಿಲ್ಲ. ಒಂದೇ ಒಂದು ಸರದಿ ಅಂತ ಅಲ್ಲೇ ಓಡಿಸಿದೆ. ನನ್ನ ಮಾತು ನಂಬಿ ಇವಳು ಮುದ್ರೆ ಒತ್ತಿದಳು. ಆಮೇಲೆ ಇನ್ನೊಂದು ಸರದಿ. ಮಂಗಳವಾರ ಕ್ರೇನು ಬರುತ್ತದೆ ಅನ್ನುತ್ತಿದ್ದೆ. ಯಾವ ಮಂಗಳವಾರ ಅಂತ ಕೇಳುವುದನ್ನು ಅವಳು ಬಿಟ್ಟಳು. ಹೋದ ತಿಂಗಳು ಒಂದು ದಿನ ಮುದ್ರೆಯನ್ನು ಮನೆಗೆ ತಂದು ಅಡುಗೆಮನೆಯ ಗೂಡಿನಲ್ಲಿಟ್ಟಳು. ಅವತ್ತಿನಿಂದ ಮಾಡಿದ್ದೆಲ್ಲ ಶೆಡ್ಡಿನ ಮೂಲೆಯಲ್ಲಿ ರಾಶಿ ಬಿದ್ದಿದೆ. ಅದಕ್ಕೆ ಮುಂಚಿನದು ಹೊರಟುಹೋಗಿದೆ, ಬಾಗಿಲುಗಳ ಕೀಲಿನಲ್ಲಿ ಕೂತಾಗಿದೆ. ಈಗ ಮಷೀನನ್ನು ವಾಪಸು ಇಟ್ಟರೂ ಅದು ಬದಲಾಗುವುದಿಲ್ಲ.

ಬುಷ್ಷುಗಳು ಕೆಟ್ಟಿವೆಯೇ ಅಂತ ಕೇಳುತ್ತೀಯ. ಅಳತೆಯ ಗೇಜು ಹಾಕಿದರೆ ಒಂದೊಂದೂ ಸರಿ ಇದೆ. ಆದರೆ ಗೇಜಿಗೆ ಕಾಣುವುದು ಹೊರಗಿನದು. ಹೊಸ ನೆಲದ ನಡುಕ ಒಳಗೆ ಏನು ಮಾಡಿದೆ ಅನ್ನುವುದು ಕೊಯ್ದು ನೋಡಿದರೇ ಗೊತ್ತಾಗುವುದು. ಸರಿ ಇರಬಹುದು. ನಮ್ಮ ಕಸುಬಿನಲ್ಲಿ ‘ಇರಬಹುದು’ ಅನ್ನುವುದು ಬೈಗುಳ.

ಕಂಪನಿಗೆ ಹೋಗಿ ಹೇಳಿಬಿಡಬೇಕು ಅಂತ ಇದ್ದೇನೆ. ಹೇಳಿದರೆ ಆರ್ಡರು ನಿಲ್ಲುತ್ತದೆ, ಹೋದ ಮಾಲೆಲ್ಲ ವಾಪಸು ಬರುತ್ತದೆ, ನೀನು ಹಾಕಿದ್ದು ಮುಳುಗುತ್ತದೆ. ದುಡ್ಡು ನಿನ್ನೊಬ್ಬಳದೇ ಆದ್ದರಿಂದ ನಿನ್ನೊಬ್ಬಳ ಕ್ಷಮೆ ಕೇಳಿದರೆ ಸಾಕು ಅನ್ನುವುದೊಂದೇ ನನಗೆ ಸಮಾಧಾನ. ನನಗೆ ಭಯವಾಗುತ್ತಿದೆ ಅಕ್ಕ.

ನಿನ್ನ ತಮ್ಮ


ಸೆಪ್ಟೆಂಬರ್ 12

ತಮ್ಮ,

ಹೇಳಬೇಡ. ಯಾರ ಹತ್ತಿರವೂ ಬಾಯಿ ಬಿಡಬೇಡ.

ನಿನ್ನ ಕಾಗದವನ್ನು ಬಚ್ಚಲಿನ ಬಾಗಿಲು ಹಾಕಿಕೊಂಡು ಓದಿದೆ. ಅಂಗಡಿಯಲ್ಲಿ ನನ್ನ ಮುಖ ಓದುವವರಿದ್ದಾರೆ. ಆ ದುಡ್ಡು ನನ್ನೊಬ್ಬಳದಲ್ಲ. ಅರ್ಧ ಕಾಜಾದವಳದು ಮತ್ತು ಇಸ್ತ್ರಿಯವನದು. ಅವಳು ಎರಡು ಮಂಡಿಯ ಆಪರೇಷನ್ನಿಗೆ ಕೂಡಿಟ್ಟದ್ದು. ಅವನು ಬಾಡಿಗೆ ಮನೆ ಬಿಟ್ಟು ಸ್ವಂತದ್ದಕ್ಕೆ ಮುಂಗಡ ಕೊಡಲು ಇಟ್ಟುಕೊಂಡದ್ದು. ನಾನು ಕೇಳಲಿಲ್ಲ, ಅವರೇ ತಂದುಕೊಟ್ಟರು ಅಂತ ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಕೇಳದೆಯೇ ಕೊಡುವ ಹಾಗೆ ದಿನಾ ಬೆಳಿಗ್ಗೆ ಷೇರಿನ ಬೆಲೆ ಓದಿ ಹೇಳಿದವಳು ನಾನೇ ಅಲ್ಲವೇ. ಫೋಟೊ ಬೇಕಾಗಿದ್ದೂ ಅವರಿಗಾಗಿಯೇ. ನಿನಗೆ ಹೇಳಿದ್ದರೆ ನೀನು ಮುಟ್ಟುತ್ತಿರಲಿಲ್ಲ, ಅದಕ್ಕೆ ಹೇಳಲಿಲ್ಲ.

ಈಗ ನೀನು ಹರಿಶ್ಚಂದ್ರನಾಗಲು ಹೊರಟರೆ ಅವಳು ಜೀವನಪೂರ್ತಿ ಗೋಡೆ ಹಿಡಿದುಕೊಂಡು ಓಡಾಡಬೇಕು. ಸ್ವಲ್ಪ ಯೋಚಿಸು. ನಾನು ಹೊಲಿಗೆ ಮಷೀನನ್ನು ಕಿಟಕಿ ಪಕ್ಕದಿಂದ ಬಾಗಿಲ ಪಕ್ಕಕ್ಕೆ ಇಟ್ಟರೆ ಅಂಗಿ ಹಾಕಿಕೊಳ್ಳುವ ಮಗುವಿಗೆ ಗೊತ್ತಾಗುತ್ತದೆಯೇ? ಅದೇ ಮಷೀನು, ಅದೇ ಕೈ, ಅದೇ ಅಳತೆ. ನಡುಕವಂತೆ, ನೆಲವಂತೆ! ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಹೊಸ ಮಷೀನು ಬರುವವರೆಗೆ ಹೇಗೋ ತಳ್ಳು. ನಿನ್ನ ಹೆಂಡತಿಯ ಕಾಲು ಬೇಕಾದರೂ ಹಿಡಿ, ಮುದ್ರೆ ಒತ್ತಿಸು.

ನಿನ್ನ ಮೇಲೆ ಸಿಟ್ಟಿದೆ. ನನ್ನ ಮೇಲೆ ಅದಕ್ಕಿಂತ ಹೆಚ್ಚಿದೆ. ಆದರೂ ಹೇಳಬೇಡ.

ಅಕ್ಕ


ಅಕ್ಟೋಬರ್ 3

ಅಕ್ಕ,

ನಿನ್ನ ಕಾಗದ ಬರುವ ಹಿಂದಿನ ದಿನವೇ ನಾನು ಹೋಗಿ ಹೇಳಿಬಿಟ್ಟಿದ್ದೆ. ಬೈಯಬೇಡ, ಪೂರ್ತಿ ಓದು.

ಖರೀದಿ ಸಾಹೇಬರ ಕೋಣೆಯ ಗೋಡೆ ತುಂಬ ಒಂದು ಹಲಗೆ. ಕಟ್ಟುತ್ತಿರುವ ವಿಮಾನಗಳೆಲ್ಲ ಅದರಲ್ಲಿ ಸಾಲಾಗಿವೆ. ಯಾವುದಕ್ಕೆ ಭಾಗ ಬಂದಿಲ್ಲವೋ ಅದರ ಮೇಲೆ ಕೆಂಪು ಬಿಲ್ಲೆ. ಹಲಗೆಯಲ್ಲಿ ಬಿಳಿಗಿಂತ ಕೆಂಪೇ ಜಾಸ್ತಿ. ನಾನು ಎಲ್ಲ ಹೇಳಿದೆ. ಅವರು ಎದ್ದು ಬಾಗಿಲು ಹಾಕಿ ಬಂದರು. ಗದರಲಿಲ್ಲ. ಗದರಿದ್ದರೆ ಚೆನ್ನಾಗಿತ್ತು.

“ನೀವು ಹೇಳಿಲ್ಲ, ನಾನು ಕೇಳಿಲ್ಲ,” ಅಂದರು. “ಒಂದು ಬುಷ್ಷಿಗೋಸ್ಕರ ಇಷ್ಟು ವಿಮಾನ ನಿಲ್ಲಿಸಕ್ಕಾಗಲ್ಲ. ನಿಮ್ಮಂಥವರು ಇನ್ನೊಬ್ಬರು ಸಿಗೋಕೆ ನಂಗೆ ಎರಡು ವರ್ಷ ಬೇಕು.”

ಆಮೇಲೆ ಒಂದು ಕಾಗದ ಬರೆಸಿ ಕೊಟ್ಟರು. ಮಷೀನು ಒಪ್ಪಿಗೆ ಕೊಟ್ಟ ಜಾಗದಲ್ಲೇ ಇದೆ, ಯಾವತ್ತೂ ಕದಲಿಲ್ಲ ಅಂತ. ನನ್ನ ಸಹಿ, ಇವಳ ಮುದ್ರೆ ಹಾಕಿ ಈ ತಿಂಗಳ ಹದಿನೈದನೇ ತಾರೀಕಿನೊಳಗೆ ಕೊಡಬೇಕು. ಕೊಟ್ಟರೆ ಏಳು ವರ್ಷದ ಆರ್ಡರು, ಇವತ್ತಿನ ಬೆಲೆಗೇ, ನಡುವೆ ಬಿಡುವ ಹಾಗಿಲ್ಲ. ಕೊಡದಿದ್ದರೆ ಅವರ ಗೇಜು, ಹತಾರಗಳನ್ನೆಲ್ಲ ಹೊತ್ತುಕೊಂಡು ಹೋಗುತ್ತಾರೆ, ನಾವೇ ಮೋಸ ಮಾಡಿದೆವು ಅನ್ನುತ್ತಾರೆ. ತಪ್ಪು ಒಪ್ಪಿಕೊಂಡು ಹಗುರಾಗೋಣ ಅಂತ ಹೋದವನನ್ನು ಇನ್ನಷ್ಟು ಬಿಗಿದು ಕಳಿಸಿದರು.

ನೀನು ನೆಲ ಡೊಂಕು ಅಂತ ನಕ್ಕಿದ್ದೀಯ. ನಮ್ಮಲ್ಲಿ ನೆಲ ನಿಜವಾಗಿಯೂ ಡೊಂಕಾಗುತ್ತದೆ ಅಕ್ಕ. ಹೊಸ ನೆಲ ಒಂದು ವರ್ಷ ಕೂರುತ್ತಲೇ ಇರುತ್ತದೆ. ನಿನ್ನ ಅಂಗಿಯ ಹೊಲಿಗೆ ಬಿಟ್ಟರೆ ಮಗುವಿನ ಅಮ್ಮ ನೋಡಿ ವಾಪಸು ತರುತ್ತಾಳೆ. ಬುಷ್ಷು ಕೀಲಿನೊಳಗೆ ಹೋದ ಮೇಲೆ ಅದನ್ನು ನೋಡುವವರು ಯಾರೂ ಇಲ್ಲ.

ಇವಳು ಹೇಳುವುದು ಒಂದೇ: ಸಾಹೇಬರ ಮೇಲೆ ಸರ್ಕಾರದ ಸುರಕ್ಷತಾ ಕಚೇರಿ ಇದೆ, ಅವರಿಗೆ ಬರೆಯಿರಿ. ಬರೆಯಬಹುದು. ಬರೆದ ಮೇಲೆ ಈ ಕಸುಬಿನಲ್ಲಿ ನಮಗೆ ಒಂದು ತಿರುಪಿನ ಕೆಲಸವನ್ನೂ ಯಾರೂ ಕೊಡುವುದಿಲ್ಲ. ನಾವಿಬ್ಬರೂ ಹೇಗಾದರೂ ಬದುಕಿಕೊಳ್ಳುತ್ತೇವೆ ಅಂತ ಅವಳ ವಾದ. ನನಗೂ ಹಾಗೇ ಅನಿಸಿತ್ತು. ಆದರೆ ನಿನ್ನ ಕಾಗದ ಬಂದ ಮೇಲೆ ಕಣ್ಣು ಮುಚ್ಚಿದರೆ ಆ ಹೆಂಗಸಿನ ಮಂಡಿಯೇ ಕಾಣುತ್ತದೆ. ಅತ್ತ ದರಿ, ಇತ್ತ ಪುಲಿ. ಯಾವ ಕಡೆ ತಿರುಗಿದರೂ ಯಾರೋ ಒಬ್ಬರ ಮೇಲೆ ಕಾಲಿಡಬೇಕು.

ಫೋನ್ ಮಾಡಬೇಡ. ಸಾಹೇಬರ ಕಡೆಯವರು ಬಿಡದೆ ಮಾಡುತ್ತಾರೆ ಅಂತ ತಂತಿ ಕಿತ್ತಿಟ್ಟಿದ್ದೇನೆ.

ತಮ್ಮ


ಅಕ್ಟೋಬರ್ 11

ನನ್ನ ತಮ್ಮನಿಗೆ,

ಸಹಿ ಹಾಕಬೇಡ. ಇದನ್ನು ಮೊದಲೇ ಬರೆಯುತ್ತೇನೆ, ಉಳಿದದ್ದನ್ನು ಆಮೇಲೆ ಓದಿಕೋ.

ನಿನ್ನ ಕಾಗದ ಓದಿದ ಮೇಲೆ ಅಂಗಡಿಗೆ ಹೋಗಿ ಆ ಫೋಟೊದ ಕೆಳಗೆ ಕೂತು ಬಟ್ಟೆ ಕತ್ತರಿಸಬೇಕಾಯಿತು. ಎರಡು ಅಂಗಿಯ ತೋಳು ಕೆಡಿಸಿದೆ. ಮೂರನೆಯದಕ್ಕೆ ಕತ್ತರಿ ಹಾಕುವ ಮೊದಲು ಎದ್ದು, ಅವರಿಬ್ಬರನ್ನೂ ಕರೆದು ಎಲ್ಲ ಹೇಳಿದೆ. ಇಸ್ತ್ರಿಯವನು ಪೆಟ್ಟಿಗೆ ಕೆಳಗಿಟ್ಟು ಹೊರಗೆ ಹೋದ. ಕಾಜಾದವಳು ಗೋಡೆಯ ಕಡೆ ನೋಡಿದಳು. ಆಮೇಲೆ, “ನಾನು ಆ ಫೋಟೊ ನೋಡಿ ಅತ್ತಿದ್ದೆ. ನೀವು ನೋಡ್ತಾ ನಿಂತಿದ್ರಿ,” ಅಂದಳು. ಅಷ್ಟೇ. ನನಗೆ ಯಾರಾದರೂ ಕೆನ್ನೆಗೆ ಹೊಡೆದಿದ್ದರೂ ಇಷ್ಟು ಉರಿಯುತ್ತಿರಲಿಲ್ಲ. ಅವಳು ಎರಡು ದಿನ ಕೆಲಸಕ್ಕೆ ಬರಲಿಲ್ಲ.

ಆ ಎರಡು ದಿನದಲ್ಲಿ ನಾನು ವಿಮಾನದ ಷೇರುಗಳನ್ನೆಲ್ಲ ಮಾರಿದೆ. ದಲ್ಲಾಳಿ ನನ್ನನ್ನು ಹುಚ್ಚಿಯನ್ನು ನೋಡಿದ ಹಾಗೆ ನೋಡಿದ. ಇನ್ನೂ ಏರುತ್ತೆ ಅಮ್ಮ, ಯಾಕೆ ಮಾರ್ತೀರಿ ಅಂತ ಬೇಡಿಕೊಂಡ. ಏರಲಿ ಅಂದೆ. ಅವರಿಬ್ಬರ ದುಡ್ಡನ್ನೂ ಅವರವರ ಮನೆಗೆ ಹೋಗಿ ಕೈಗಿಟ್ಟು ಬಂದೆ. ಅವಳು ಎಣಿಸಿಕೊಂಡಳು. ನನ್ನ ಎದುರಿಗೇ ಎಣಿಸಿಕೊಂಡಳು, ಇಷ್ಟು ವರ್ಷದಲ್ಲಿ ಮೊದಲ ಸಲ. ಎಣಿಸಿಕೊಳ್ಳಲಿ, ಅದು ಅವಳ ಹಕ್ಕು.

ಈಗ ನಿನ್ನ ಶೆಡ್ಡಿನಲ್ಲಿ ಉಳಿದಿರುವುದು ನಿಜವಾಗಿಯೂ ನನ್ನ ದುಡ್ಡು ಮಾತ್ರ. ಮುಳುಗಲಿ. ನನಗೆ ಕೈಯಿದೆ, ಕತ್ತರಿಯಿದೆ, ಊರಲ್ಲಿ ಮಕ್ಕಳು ಹುಟ್ಟುವುದೇನೂ ನಿಂತಿಲ್ಲ. ಹೋದ ಕಾಗದದಲ್ಲಿ ನಿನ್ನ ಬಾಯಿಗೆ ನಾನು ಹೊಲಿಗೆ ಹಾಕಿದೆ. ಈಗ ಬಿಚ್ಚುತ್ತಿದ್ದೇನೆ. ಆ ಕಚೇರಿಗೆ ಬರೆ. ನಿನ್ನ ಹೆಂಡತಿ ಹೇಳಿದ ಹಾಗೆ ಬರೆ.

ಪಕ್ಕದ ಔಷಧಿ ಅಂಗಡಿಯವನಿಂದ ಫೋನ್ ಮಾಡಿಸಿದೆ. ರಿಂಗಾಗುತ್ತಿದೆ, ಯಾರೂ ಎತ್ತುತ್ತಿಲ್ಲ ಅಂದ. ತಂತಿ ಕಿತ್ತವನೇ, ಇದನ್ನು ತುರ್ತು ಅಂಚೆಗೆ ಹಾಕುತ್ತಿದ್ದೇನೆ. ಹದಿನೈದರೊಳಗೆ ನಿನ್ನ ಕೈ ಸೇರುತ್ತದೆ ಅಂತ ಅಂಚೆಯವನು ಮಾತು ಕೊಟ್ಟಿದ್ದಾನೆ.

ನಿನ್ನ ಅಕ್ಕ


ಅಕ್ಟೋಬರ್ 13

ಅಕ್ಕ,

ನಿನಗೆ ಒಳ್ಳೆಯ ಸುದ್ದಿ. ನಿನ್ನ ಕಾಜಾದವಳ ಮಂಡಿಗೂ ಇಸ್ತ್ರಿಯವನ ಮನೆಗೂ ಇನ್ನು ಭಯವಿಲ್ಲ. ಏಳು ವರ್ಷದ ಆರ್ಡರು ಆಯಿತು.

ಹದಿನೈದರವರೆಗೆ ಅವರು ಕಾಯಲಿಲ್ಲ. ಬೆಳಿಗ್ಗೆಯೇ ಸಾಹೇಬರ ಕಡೆಯ ಇಬ್ಬರು ಕಾರಿನಲ್ಲಿ ಬಂದು ಶೆಡ್ಡಿನಲ್ಲಿ ಕುರ್ಚಿ ಹಾಕಿಕೊಂಡು ಕೂತರು. ಒತ್ತಾಯ ಮಾಡಲಿಲ್ಲ. ಹೊರಗೆ ಲಾರಿ ನಿಂತಿತ್ತು. ಕಾಗದ ತುಂಬಿಕೊಂಡು ಹೋಗುವುದೋ, ಹತಾರ ತುಂಬಿಕೊಂಡು ಹೋಗುವುದೋ, ನೀವೇ ಹೇಳಿ ಅಂದರು. ನಾನು ಇಬ್ಬರು ಗುರುತಿಲ್ಲದವರ ಬಗ್ಗೆ ಯೋಚಿಸಿದೆ, ಒಬ್ಬಳು ಕಾಜಾ ಹಾಕುವವಳು, ಒಬ್ಬ ಇಸ್ತ್ರಿ ಮಾಡುವವನು. ಸಹಿ ಹಾಕಿದೆ.

ಇವಳು ಅಡುಗೆಮನೆಯಿಂದ ಮುದ್ರೆ ತಂದು ಮೇಜಿನ ಮೇಲಿಟ್ಟಳು. “ನನ್ನ ಕೈಲಿ ಒತ್ತಿಸಬೇಡಿ,” ಅಂದಳು. ಒಳಗೆ ಹೋದಳು. ನಾನೇ ಒತ್ತಿದೆ. ಮೂಲೆಯಲ್ಲಿ ರಾಶಿ ಬಿದ್ದಿದ್ದಕ್ಕೂ ಒತ್ತಿ ಲಾರಿಗೆ ಹಾಕಿಸಿದೆ.

ಶೆಡ್ಡು ಈಗ ಅಚ್ಚುಕಟ್ಟಾಗಿದೆ. ಲಾಭದ ಪಾಲು ವರ್ಷದ ಕೊನೆಗೆ ಬರುತ್ತದೆ ಅಂತ ಅವರಿಬ್ಬರಿಗೂ ಹೇಳು.

ನಿನ್ನ ತಮ್ಮ


ಅಕ್ಟೋಬರ್ 14

ಅಕ್ಕ,

ನಿನ್ನೆಯ ನನ್ನ ಕಾಗದ ಇನ್ನೂ ದಾರಿಯಲ್ಲಿರುತ್ತದೆ. ನಿನ್ನದು ಇವತ್ತು ಮಧ್ಯಾಹ್ನ ಬಂತು. ನಿನ್ನ ಅಂಚೆಯವನು ಮಾತಿಗೆ ತಪ್ಪಲಿಲ್ಲ.

ಓದಿ ಮುಗಿಸಿದಾಗ ನನಗೆ ನಗು ಬಂತು, ನಿಜವಾಗಿಯೂ ನಕ್ಕೆ. ಇವಳು ಗಾಬರಿಯಾಗಿ ಬಂದು ಕಾಗದ ಕಸಿದುಕೊಂಡು ಓದಿದಳು. ಓದಿ, ಎಷ್ಟೋ ವಾರಗಳ ಮೇಲೆ ನನ್ನ ಹೆಗಲ ಮೇಲೆ ಕೈಯಿಟ್ಟಳು. ಈಗ ಬರೆಯಿರಿ, ಇನ್ನು ಯಾರ ಹಂಗಿದೆ ನಿಮಗೆ ಅಂದಳು.

ಅವಳಿಗೆ ವಿವರಿಸಿ ಹೇಳಿದೆ. ಮೊನ್ನೆವರೆಗೆ ಅದು ಜಾಗ ಬದಲಾದ ಮಷೀನು, ಅಷ್ಟೆ. ಈಗ ಅದು ಸುಳ್ಳು ಸಹಿ. ಆ ಕಾಗದದ ಮೇಲಿರುವ ಸಂಖ್ಯೆ ನನ್ನದಲ್ಲ, ಅವಳದು. ವಿಚಾರಣೆಗೆ ಬಂದವರು ಮೊದಲು ಹಿಡಿಯುವುದು ಅವಳನ್ನು, ಒತ್ತಿದ ಕೈ ಯಾರದು ಅಂತ ಮುದ್ರೆ ಹೇಳುವುದಿಲ್ಲ. ನಿನ್ನನ್ನು ಹೇಗೆ ಸಿಕ್ಕಿಸಲಿ ಅಂದೆ.

“ಮುದ್ರೆ ತಂದಿಟ್ಟವಳು ನಾನು,” ಅಂದಳು. “ಅದರ ಮೇಲೆ ಯಾರ ನಂಬರಿದೆ ಅಂತ ನಂಗೊತ್ತಿರ್ಲಿಲ್ವಾ? ಬಂದದ್ದು ಬರಲಿ. ಬರೀರಿ.”

ಮೇಜು ಒರೆಸಿದಳು. ಒಂದು ಬಿಳಿ ಹಾಳೆ ಇಟ್ಟಳು, ಪೆನ್ನು ಇಟ್ಟಳು. ದೀಪದ ಕೆಳಗೆ ಕುರ್ಚಿ ಸರಿಸಿಕೊಟ್ಟಳು. ನೀನು ಬಿಡಿಸಿದ್ದೀಯ, ಅವಳೂ ಬಿಡಿಸಿದ್ದಾಳೆ. ನನ್ನನ್ನು ಹಿಡಿದುಕೊಂಡವರು ಈಗ ಯಾರೂ ಇಲ್ಲ. ಇಷ್ಟು ದಿನ ನಿಮ್ಮ ನಿಮ್ಮ ಹೆಸರು ಹೇಳಿಕೊಂಡು ಕೂತಿದ್ದೆ. ಈಗ ಹೇಳಿಕೊಳ್ಳುವುದಕ್ಕೆ ಯಾರ ಹೆಸರೂ ಉಳಿದಿಲ್ಲ, ಆದರೂ ಆ ಕಚೇರಿಯ ವಿಳಾಸ ಬರೆಯಲು ನನ್ನ ಕೈ ಏಳುತ್ತಿಲ್ಲ. ನನಗೆ ಭಯ ಅಕ್ಕ. ಮೊದಲಿನಿಂದಲೂ ಇದ್ದದ್ದು ಇದೊಂದೇ ಇರಬೇಕು.

ಇದು ಅವಳು ಇಟ್ಟ ಹಾಳೆ. ಅವಳು ಬಾಗಿಲಿಗೆ ಒರಗಿ ನಿಂತಿದ್ದಾಳೆ. ನಾನು ಅವರಿಗೇ ಬರೆಯುತ್ತಿದ್ದೇನೆ ಅಂದುಕೊಂಡಿದ್ದಾಳೆ. ಪೆನ್ನು ನಿಂತರೆ ಹತ್ತಿರ ಬಂದು ನೋಡುತ್ತಾಳೆ, ಅದಕ್ಕೇ ನಿಲ್ಲಿಸದೆ ಬರೆಯುತ್ತಿದ್ದೇನೆ.

“ನಿಧಾನವಾಗಿ ಬರೀರಿ,” ಅಂದಳು ಈಗ. “ಏನೂ ಬಿಡಬೇಡಿ.”

ನಾನು ಹೂಂ ಅಂದೆ.